ತಿಜೋರಿಯಲ್ಲಿ ಬೆಂದ ಬಯಕೆ

ನಮ್ಮ ಮಾವನವರಿಗೆ ತಲೆ ಸ್ವಲ್ಪ ಸಡಿಲ ಎಂದು ಆದವಾನಿಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು! ಹತ್ತಿ ವ್ಯಾಪಾರದಲ್ಲಿ ಮಾತ್ರ ಅವರಿಗೆ ಟೋಪಿ ಹಾಕುವವರು ಇನ್ನೂ ಹುಟ್ಟಿರಲಿಲ್ಲ. ಒಂದು ಚಿಟಿಕೆ ಅರಳೆಯನ್ನು ಬೆರಳ ನಡುವೆ ಎಳೆದು ನೋಡಿ, ಅದು ಯಾವ ಊರಿನ ಯಾವ ಹೊಲದ್ದೆಂದು ಹೇಳಿಬಿಡುತ್ತಿದ್ದರು. ಆದರೆ ಅಂಗಡಿಯ ಮೆಟ್ಟಿಲಿಳಿದು ಮನೆಗೆ ಬಂದರೆಂದರೆ ಆ ಬುದ್ಧಿಯನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಒಳಗೆ ಕಾಲಿಡುತ್ತಿದ್ದರು. ಒಂದು ಬೇಸಿಗೆಯಲ್ಲಿ ಎಮ್ಮೆಗೆ ಸೆಖೆಯಾಗುತ್ತದೆ ಎಂದು ಕೊಟ್ಟಿಗೆಯಲ್ಲಿ ಪಂಖಾ ಕಟ್ಟಿಸಿ, ಅದರ ಹಗ್ಗ ಜಗ್ಗಲು ಒಬ್ಬ ಆಳನ್ನೂ ಇಟ್ಟಿದ್ದರು. ಆಗ ನಮ್ಮ ಅತ್ತೆಯವರು ಒಲೆಯ ಮುಂದೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಮುಂದಿನ ಜನ್ಮ ಅಂತ ಇದ್ರ ಈ ಮನಿಗೆ ಎಮ್ಮಿ ಆಗಿ ಬರ್ತೀನಿ" ಎಂದಿದ್ದರಂತೆ.

ಅವರ ಬಗ್ಗೆ ಊರಲ್ಲಿ ಇಂಥ ಕಥೆಗಳು ಬೇಕಾದಷ್ಟಿವೆ. ಆದರೆ ಆದವಾನಿಯಲ್ಲಿ ಮೊಟ್ಟಮೊದಲು ಚೀಸ್ ಕೇಕ್ ಮಾಡಿದ ಮಹಾನುಭಾವರು ಅವರೇ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಹಾಗಾಗಿ ನಾನು ಹೇಳಬೇಕಾಗಿದೆ. ಏಕೆಂದರೆ ಅದರ ಮೊದಲ ತುಂಡು ತಿಂದು, ಇವತ್ತಿಗೂ ಬದುಕಿ ಉಳಿದಿರುವವಳು ನಾನೇ!

ಇದಕ್ಕೆಲ್ಲ ಕಾರಣ ನನ್ನ ಬಾಯಿ. ನನ್ನ ತಂದೆ ಗುಂತಕಲ್ಲಿನಲ್ಲಿ ರೈಲ್ವೆ ಗುಮಾಸ್ತರು. ನಮ್ಮ ಪಕ್ಕದ ಕ್ವಾರ್ಟರ್ಸಿನಲ್ಲಿ ಇಂಜಿನ್ ಡ್ರೈವರೊಬ್ಬರ ಹೆಂಡತಿ, ಗೌನು ತೊಡುವ ದೊಡ್ಡಮನಸ್ಸಿನ ಹೆಂಗಸು, ಕ್ರಿಸ್ಮಸ್ಸಿಗೆ ಒಂದು ಕೇಕು ಮಾಡುತ್ತಿದ್ದಳು. ಕೆಳಗೆ ಬಿಸ್ಕತ್ತಿನ ಪುಡಿ, ಮೇಲೆ ಬೆಳ್ಳಗೆ, ದಪ್ಪಗೆ, ಬಾಯಲ್ಲಿಟ್ಟರೆ ತಾನೇ ಕರಗುವ ಪದರ. ಬೆಣ್ಣೆಯೂ ಗಿಣ್ಣವೂ ಸೇರಿ ಸಂಸಾರ ಹೂಡಿದ ಹಾಗೆ! ಹೆಸರು ಚೀಸ್ ಕೇಕ್ ಎಂದು ಹೇಳಿದ್ದಳು. ನಾವು ಲಿಂಗ ಕಟ್ಟಿದ ಮನೆತನದವರು. ಅದರಲ್ಲಿ ಮೊಟ್ಟೆ ಇತ್ತೇ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ತಿನ್ನಲಾಗುತ್ತಿರಲಿಲ್ಲವಲ್ಲ?

ಮದುವೆಯಾಗಿ ಆದವಾನಿಗೆ ಬಂದ ಮೇಲೆ ಅದನ್ನು ಮರೆತೇಬಿಟ್ಟಿದ್ದೆ. ಯುದ್ಧದ ಕಾಲ, ಸಕ್ಕರೆಗೆ ಕಾರ್ಡು. ನಾನು ಚೊಚ್ಚಲ ಬಸುರಿ. ಒಂದು ಮಧ್ಯಾಹ್ನ ಅತ್ತೆಯವರ ಜೊತೆ ಜೋಳ ಹಸನು ಮಾಡುತ್ತ ಕೂತಿದ್ದಾಗ, ತಿಂಡಿಯ ಮಾತು ಬಂದು, ಆ ಕೇಕಿನ ವಿಷಯ ಹೇಳಿದೆ. ಮಾವನವರು ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದರು. ಪತ್ರಿಕೆ ಮೆಲ್ಲಗೆ ಕೆಳಗಿಳಿಯಿತು.

"ಏನಂದ್ಯವ್ವಾ?"

"ಏನಿಲ್ರಿ ಮಾವಾ, ಸುಮ್ನ ನೆನಪಾತು."

"ಬಸುರಿಗೆ ಸುಮ್ನ ಏನೂ ನೆನಪಾಗಂಗಿಲ್ಲ! ಅದು ನೀ ಅಂದಿದ್ದಲ್ಲ, ಒಳಗಿಂದ ಕೂಸು ಕೇಳಿದ್ದು!"

ನಮ್ಮ ಕಡೆ ಬಯಕೆ ಎಂದರೆ ಹುಡುಗಾಟವಲ್ಲ. ಬಸುರಿಗೆ ಆಸೆಯಾಯಿತೆಂದರೆ ಅದು ಹೊಟ್ಟೆಯಲ್ಲಿರುವ ಕೂಸಿನ ಬೇಡಿಕೆ. ಕುಬಸ, ಅಂದರೆ ಸೀಮಂತ, ಮಾಡಿ ತವರಿಗೆ ಕಳಿಸುವುದರೊಳಗೆ ಗಂಡನ ಮನೆಯವರು ಅದನ್ನು ತೀರಿಸಬೇಕು. ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ, ಮನೆತನದ ಮಾನವೂ ಸೋರುತ್ತದೆ. ನನಗೆ ಬಯಕೆಯೇನೋ ಆಗಿತ್ತು, ನಿಜ. ಜೋಳ ತುಂಬಿಡುವ ವಾಡೆಗೆ ಮೆತ್ತಿದ ಒಣಮಣ್ಣನ್ನು ಉಗುರಲ್ಲಿ ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಅದನ್ನು ಮಾವನ ಮುಂದೆ ಹೇಳಲಾಗುತ್ತದೆಯೇ? "ನನಗೇನೂ ಬ್ಯಾಡ್ರಿ" ಎಂದೆ. ಬೇಡವೆಂದಷ್ಟೂ ನಾಚಿಕೆ ಎಂದು ಲೆಕ್ಕ!

"ನನ್ನ ಮೊಮ್ಮಗ ಮೊದಲ್ನೇ ಸಲ ಬಾಯಿಬಿಟ್ಟು ಕೇಳ್ಯಾನ," ಎಂದರು ಮಾವನವರು, ಪತ್ರಿಕೆ ಮಡಿಚುತ್ತ. "ಆದವಾನ್ಯಾಗ ಸಿಗಂಗಿಲ್ಲಪಾ ಅಂತ ಹೇಳ್ಲೇನು? ಕುಬಸದೊಳಗ ಮಾಡಿ ಹಾಕ್ತೀನಿ."

ನನ್ನ ಗಂಡ ಆಗ ಬಾಗಿಲಲ್ಲಿ ನಿಂತಿದ್ದರು. ತಂದೆಯ ಮುಂದೆ ಮಾತಾಡುವ ರೂಢಿ ಅವರಿಗಿರಲಿಲ್ಲ. ನನ್ನ ಕಡೆ ಒಮ್ಮೆ ನೋಡಿ, ಅಂಗಡಿಗೆ ಹೊರಟುಹೋದರು.

ಅತ್ತೆಯವರಿಗೆ ಕೇಕಿನ ವಿಷಯ ಹೇಳುವಾಗ ನಾನು 'ಗಿಣ್ಣದ ಹಾಗೆ' ಎಂದಿದ್ದೆ, ಅದೇ ತಪ್ಪಾಯಿತು. ಮರುದಿನವೇ ಸುತ್ತಲಿನ ಹಳ್ಳಿಗಳಿಗೆಲ್ಲ ಹೇಳಿಕೆ ಹೋಯಿತು: ಯಾರ ಮನೆಯ ಎಮ್ಮೆ ಈದರೂ ಮೊದಲ ಹಾಲು ಸಾಹುಕಾರರ ಮನೆಗೆ. ಬಂತು ನೋಡಿ! ಎಮ್ಮೆಯದು ಬಂತು, ಆಕಳದು ಬಂತು, ಕುರುಬರೊಬ್ಬರು ಪ್ರೀತಿಯಿಂದ ಕುರಿಯ ಗಿಣ್ಣದ ಹಾಲನ್ನೂ ತಂದುಕೊಟ್ಟರು. ದಿನಾ ಒಂದು ತಟ್ಟೆ ನನ್ನ ಮುಂದೆ.

"ಇದ ಏನು?"

"ಅಲ್ರಿ ಮಾವಾ."

"ಇದು?"

"ಇದೂ ಅಲ್ರಿ."

ಒಂದು ವಾರ ಗಿಣ್ಣ ತಿಂದು ನನ್ನ ಮುಖವೇ ಗಿಣ್ಣದ ಬಣ್ಣಕ್ಕೆ ತಿರುಗಿತು. ಅತ್ತೆಯವರು ತಟ್ಟೆ ಎತ್ತುತ್ತ, "ಹೊಟ್ಯಾಗ ಮೊಮ್ಮಗ ಅದಾನೋ, ಕರು ಐತೋ, ಇನ್ನ ನಾಕು ದಿನಕ್ಕ ತಿಳೀತೈತಿ" ಎಂದರು.

ಕೊನೆಗೆ ಮಾವನವರು ನನ್ನನ್ನು ಎದುರಿಗೆ ಕೂರಿಸಿಕೊಂಡು ವಿಚಾರಣೆಗೆ ಇಳಿದರು. ಅದನ್ನು ಮಾಡುವುದು ಹೇಗೆ, ಮೊದಲಿನಿಂದ ಹೇಳು. ನಾನು ಮೊಟ್ಟೆಯನ್ನು ನುಂಗಿಕೊಂಡು ಉಳಿದದ್ದನ್ನು ಹೇಳಿದೆ. "ಮೊದಲು ಹಾಲು ಒಡಸ್ತಾರ್ರಿ. ನೀರು ಬಸಿದು..."

ಅಡುಗೆಮನೆಯಲ್ಲಿ ಏನೋ ಧಡ್ ಎಂದು ಬಿತ್ತು. ಅತ್ತೆಯವರು ಸೌಟು ಹಿಡಿದೇ ಹೊರಗೆ ಬಂದರು.

"ಏನಂದಿ? ಒಡಸ್ತಾರಾ? ಬೇಕಂತ?"

ಈಗಿನವರು ಅಂಗಡಿಯಿಂದ ಪನೀರು ತಂದು ತಿನ್ನುತ್ತಾರೆ, ಅವರಿಗೆ ಇದು ತಿಳಿಯುವುದಿಲ್ಲ. ನಮ್ಮ ಮನೆಗಳಲ್ಲಿ ಹಾಲು ತಾನಾಗಿ ಒಡೆದರೂ ಆ ದಿನ ಯಾರೂ ಪ್ರಯಾಣ ಹೊರಡುತ್ತಿರಲಿಲ್ಲ. ಒಡೆದ ಪಾತ್ರೆಯನ್ನು ಸೆರಗಲ್ಲಿ ಮುಚ್ಚಿ ಹಿತ್ತಲಿಗೆ ಒಯ್ಯುತ್ತಿದ್ದರು. ಅಂಥದ್ದರಲ್ಲಿ ಒಳ್ಳೆಯ ಹಾಲಿಗೆ ಕೈಯಾರೆ ಹುಳಿ ಹಿಂಡುವುದೆಂದರೆ? "ನನ್ನ ಉಸುರು ಇರೋತನಾ ಈ ಮನ್ಯಾಗ ಹಾಲು ಒಡ್ಯಾಕ ಬಿಡಂಗಿಲ್ಲ. ಅದೂ ಬಸುರಿ ಇರೋ ಮನ್ಯಾಗ!" ಎಂದು ಅತ್ತೆಯವರು ಸೌಟಿನಿಂದ ಗೆರೆ ಎಳೆದೇಬಿಟ್ಟರು.

ಪಾಪ, ಮಾವನವರು ಇಕ್ಕಟ್ಟಿಗೆ ಸಿಕ್ಕಿಕೊಂಡರು. ಬಯಕೆ ತೀರಿಸದಿದ್ದರೆ ಮೊಮ್ಮಗನಿಗೆ ಕೇಡು, ತೀರಿಸಲು ಹೋದರೆ ಮನೆಗೆ ಕೇಡು. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಅವರಿಗೆ ಹೊಳೆಯಿತು: ಹಾಲು ಮನೆಯಲ್ಲಿ ತಾನೇ ಒಡೆಯಬಾರದು? ಬೇರೆ ಕಡೆ ಒಡೆಸಿದರಾಯಿತು!

ಮೊದಲು ಹತ್ತಿಯ ಬೀಜ ಬಿಡಿಸುವ ತಮ್ಮ ಜಿನ್ನಿಗೆ ಹೋದರು. ಸುಗ್ಗಿಯಿಲ್ಲದ ತಿಂಗಳು, ಜಿನ್ನು ನಿಂತಿತ್ತು. ಅಲ್ಲಿನ ಮೇಸ್ತ್ರಿ ಕೈ ಮುಗಿದ. "ಮಾಫ್ ಕರೋ ಸಾವ್ಕಾರ್ರೆ. ಇಲ್ಲಿ ಹಾಲು ಒಡದ್ರ ಸುಗ್ಗ್ಯಾಗ ಬೆಲ್ಟು ಕಡೀತೈತಿ. ಕಡೀಲಿಲ್ಲ ಅಂದ್ರೂ, ಕಡೀತೈತಿ ಅಂತ ಹುಡುಗ್ರು ಕೆಲಸಕ್ಕ ಬರಂಗಿಲ್ಲ." ಹೊಲಕ್ಕೆ ಹೋದರು. ಹೊಲದವನು ಮೋಡದ ಕಡೆ ಕೈ ತೋರಿಸಿ, "ಅದಕ್ಕ ಕೇಳಿಸಿ ಮಳಿ ತಿರುಗಿ ಹೋದೀತು, ಮೆತ್ತಗ ಮಾತಾಡ್ರಿ" ಎಂದ. ಊರಲ್ಲಿ ಒಂದು ಅಂಗೈ ಅಗಲದ ಜಾಗವೂ ಸಿಗಲಿಲ್ಲ. ಎಲ್ಲ ಜಾಗಕ್ಕೂ ಯಾರಾದರೂ ಒಬ್ಬ ಯಜಮಾನ ಇದ್ದೇ ಇದ್ದ, ಅವನಿಗೆ ಹೆಂಡತಿ ಮಕ್ಕಳೂ ಇದ್ದರು.

ಆಗ ಮಾವನವರಿಗೆ ರೈಲು ಹಳಿಯ ಪಕ್ಕದ ಬಯಲು ನೆನಪಾಯಿತು. ಅದು ಬ್ರಿಟಿಷ್ ಸರ್ಕಾರದ್ದು. ಕೇಡು ಆದರೆ ಅವರಿಗೇ ಆಗಲಿ, ಹೇಗೂ ದೇಶವೆಲ್ಲ ಅದನ್ನೇ ಬಯಸುತ್ತಿದೆ!

ಯೋಚನೆ ಚೆನ್ನಾಗಿಯೇ ಇತ್ತು. ಆದರೆ ಅದು ಚಳವಳಿಯವರು ಅಲ್ಲಲ್ಲಿ ಹಳಿ ಕೀಳುತ್ತಿದ್ದ ಕಾಲ, ಹಳಿಗುಂಟ ಪೊಲೀಸರ ಪಹರೆ. ಮಾವನವರು ಮೇಸ್ತ್ರಿಯನ್ನು ಕರೆದುಕೊಂಡು, ಹಣೆತುಂಬ ವಿಭೂತಿ ಇಟ್ಟುಕೊಂಡು, ಮೂರು ಕಲ್ಲು ಹೂಡಿ, ಹಾಲಿನ ಪಾತ್ರೆ ಏರಿಸಿ, ಉರಿ ಹಚ್ಚಿ, ನಿಂಬೆಹಣ್ಣು ಹಿಂಡಿದ್ದಾರೆ. ಹಿಂದಿನಿಂದ ಒಬ್ಬ ಕಾನ್ಸ್‌ಟೇಬಲ್ ಬಂದು ನಿಂತ. ಕಡಪದ ಕಡೆಯವನು, ಕನ್ನಡ ಬಾರದು.

"ಏಂ ಚೇಸ್ತುನ್ನಾರಯ್ಯಾ ಇಕ್ಕಡ?" ಇಲ್ಲಿ ಏನು ಮಾಡುತ್ತಿದ್ದೀರಿ ಎಂದು ತೆಲುಗಿನಲ್ಲಿ ಗದರಿದ.

ನಮ್ಮದು ತೆಲುಗು ಗಡಿಯ ಊರು, ಮಾವನವರ ತೆಲುಗು ಊರಿನ ಎಲ್ಲರ ಹಾಗೆ ಚೆನ್ನಾಗಿತ್ತು. "ಪಾಲು ವಿರಗ್ಗೊಡ್ತುನ್ನಾಂ," ಹಾಲು ಒಡೆಸುತ್ತಿದ್ದೇವೆ ಎಂದರು, ಪ್ರಾಮಾಣಿಕವಾಗಿ.

ಮನೆಯಲ್ಲಿ ಜಾಗವಿಲ್ಲವೇ ಎಂದು ಅವನು ಕೇಳಿದ. ಮನೆಯಲ್ಲಿ ಒಡೆಸಿದರೆ ಅಪಶಕುನ ಎಂದರು ಇವರು. ಹಾಗಾದರೆ ಇಲ್ಲಿ? "ಇದಿ ಸರ್ಕಾರುವಾರಿ ಜಾಗಾ ಕದಾ!" ಇದು ಸರ್ಕಾರದ ಜಾಗ ತಾನೇ ಎಂದು ಮಾವನವರು ಸಮಾಧಾನವಾಗಿ ವಿವರಿಸಿದರು.

ಸರ್ಕಾರಕ್ಕೆ ಕೇಡು ಬಗೆಯುತ್ತೇನೆಂದು ಸ್ವಂತ ಬಾಯಿಂದ ಒಪ್ಪಿಕೊಂಡವನನ್ನು ಯಾವ ಪೊಲೀಸನು ಬಿಟ್ಟಾನು? ಪಾತ್ರೆಯನ್ನೂ ನಿಂಬೆಹಣ್ಣನ್ನೂ ಮಾವನವರನ್ನೂ ಮೇಸ್ತ್ರಿಯನ್ನೂ ಠಾಣೆಗೆ ಒಯ್ದರು. ಪಾತ್ರೆ ಸಾಕ್ಷಿಯಾಗಿ ಮೇಜಿನ ಮೇಲೆ ಕೂತಿತು. ದಾರಿಯುದ್ದಕ್ಕೂ ಕುಲುಕಿದ ಹಾಲು ಪೂರ್ತಿ ಒಡೆದದ್ದು ಅಲ್ಲಿಯೇ, ಹೆಡ್ ಕಾನ್ಸ್‌ಟೇಬಲ್ಲಿನ ಕಣ್ಣೆದುರಿಗೇ! ಆತ ಅನುಭವಸ್ಥ, ಮಕ್ಕಳೊಂದಿಗ. ಮಾವನವರ ಕಥೆಯನ್ನೆಲ್ಲ ಕೇಳಿ, ಬೆರಳದ್ದಿ ರುಚಿ ನೋಡಿ, ಬಸುರಿಯ ಬಯಕೆಗೆ ಕಾನೂನು ಅಡ್ಡ ಬರುವುದಿಲ್ಲ ಎಂದು ತೀರ್ಪು ಕೊಟ್ಟು ಬಿಟ್ಟುಬಿಟ್ಟ. ಮಾವನವರಿಗೆ ಪರಮಾನಂದ. ಠಾಣೆಯಲ್ಲಿ ಒಡೆಯಿತು ನೋಡು, ಠಾಣೆಗೆ ಹೊಸದಾಗಿ ಇನ್ನೇನು ಅಪಶಕುನ ಆಗಬೇಕು!

ಅತ್ತೆಯವರು ಮಾತ್ರ ಬಿಡಲಿಲ್ಲ. "ಈ ಮನಿತನದಾಗ ಜೈಲಿಗೆ ಹೋದೋರು ಯಾರೂ ಇಲ್ಲ ಅಂತ ಒಂದು ಕೊರತಿ ಇತ್ತು. ದೇಶಕ್ಕ ಅಂತ ಹೋಗಿದ್ರ ಹಾರನಾರ ಹಾಕ್ತಿದ್ರು."

ಒಡೆದದ್ದು ಮನೆಯೊಳಗೆ ಬರುವ ಹಾಗಿಲ್ಲ. ಹಾಗಾಗಿ ಮುಂದಿನ ಕೆಲಸವೆಲ್ಲ ಜಿನ್ನಿನ ಅಂಗಳದಲ್ಲಿ. ಒಡೆದ ಮೇಲೆ ಮೇಸ್ತ್ರಿಯ ತಕರಾರು ಏನೂ ಇರಲಿಲ್ಲ. ನನ್ನನ್ನು ಹತ್ತಿ ತುಂಬಿ ಕಟ್ಟಿದ ಅಂಡಿಗೆಯ ಮೇಲೆ ಕೂರಿಸಿದರು. ಬಿಸ್ಕತ್ತಿನ ಬದಲು ಗರಿಗರಿ ಸಜ್ಜೆ ರೊಟ್ಟಿಯನ್ನು ಕುಟ್ಟಿ ತುಪ್ಪ ಸೇರಿಸಿದೆವು. ಸಕ್ಕರೆಯ ಬದಲು ಬೆಲ್ಲ. ಕೆನೆಯನ್ನು ಅತ್ತೆಯವರೇ ಕೊಟ್ಟು ಕಳಿಸಿದರು. ಒಡೆದದ್ದು ಒಳಗೆ ಬರಬಾರದು, ಒಡೆಯದ್ದು ಹೊರಗೆ ಹೋಗಲು ಅವರ ಅಡ್ಡಿಯಿರಲಿಲ್ಲ. ಮೊಟ್ಟೆಯಿಲ್ಲದೆ ಇದು ಗಟ್ಟಿಯಾಗುವುದು ಹೇಗೆ ಎಂಬ ಚಿಂತೆ ನನಗೊಬ್ಬಳಿಗೇ. ಯೋಚಿಸಿ, "ಸ್ವಲ್ಪ ಗಿಣ್ಣದ ಹಾಲು ಕೂಡಸ್ರಿ ಮಾವಾ" ಎಂದೆ. ಕೂಡಿಸಿದರು. ಆಮೇಲೆ ಕಚ್ಚೆ ಬಿಗಿದು, ಅರಳೆ ಪರೀಕ್ಷೆ ಮಾಡುವ ಅದೇ ಬೆರಳುಗಳಿಂದ ಎಲ್ಲವನ್ನೂ ತಿಕ್ಕಿ ತಿಕ್ಕಿ, ಒಂದು ಗಂಟೂ ಉಳಿಯದಂತೆ ನುಣ್ಣಗೆ ಮಾಡಿದರು. ಅಂಥ ನುಣುಪನ್ನು ಆಮೇಲೆ ನಾನು ಯಾವ ಕೇಕಿನಲ್ಲೂ ಕಂಡಿಲ್ಲ.

ಇನ್ನು ಬೇಯಿಸುವುದು. ಆ ಹೆಂಗಸಿನ ಮನೆಯಲ್ಲಿ ಬಾಗಿಲಿದ್ದ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೇಯಿಸುತ್ತಿದ್ದಳು ಎಂದೆ.

"ಕಬ್ಬಿಣದ ಪೆಟಗಿ? ಬಾಗಲಾ ಇರೋದು?" ಮಾವನವರ ಕಣ್ಣು ಹೊಳೆಯಿತು.

ಗೋದಾಮಿನ ಮೂಲೆಯಲ್ಲಿ ಅವರ ತಾತನ ಕಾಲದ ತಿಜೋರಿಯೊಂದು ಖಾಲಿ ಬಿದ್ದಿತ್ತು. ನಾಲ್ಕು ಜನ ಹೊತ್ತು ತಂದರು. ತೊಳೆದರು, ಒರೆಸಿದರು, ಲಕ್ಷ್ಮಿ ಇದ್ದ ಜಾಗವೆಂದು ಮಾವನವರು ಕುಂಕುಮವನ್ನೂ ಹಚ್ಚಿದರು. ಹತ್ತಿ ಕಟ್ಟಿಗೆಯ ಕೆಂಡ ಕೆಳಗೊಂದಿಷ್ಟು, ಮೇಲೊಂದಿಷ್ಟು. ತಟ್ಟೆಯನ್ನು ಒಳಗಿಟ್ಟು ಬಾಗಿಲು ಮುಚ್ಚಿದರು. ಮುಚ್ಚಿ, ಕೀಲಿ ತಿರುಗಿಸಿ, ಬೀಗ ಹಾಕಿ, ಕೀಲಿಯನ್ನು ಉಡಿದಾರಕ್ಕೆ ಸಿಕ್ಕಿಸಿಕೊಂಡರು!

ಬೀಗ ಏಕೆ ಹಾಕಿದಿರಿ ಎಂದು ಕೇಳಿದರೆ ಅವರಿಗೇ ಗೊತ್ತಿಲ್ಲ. ವ್ಯಾಪಾರಿ ಮನುಷ್ಯ ಹುಟ್ಟಿದಾಗಿನಿಂದ ತಿಜೋರಿ ಮುಚ್ಚಿದ ಮೇಲೆ ಬೀಗ ಹಾಕದೆ ಬಿಟ್ಟಿದ್ದಾನೆಯೇ? ಘಮಘಮ ವಾಸನೆ ಬಂತು. ತೆಗೆಯಲು ಹೋದರೆ ಕಾದ ಬೀಗದಲ್ಲಿ ಕೀಲಿ ಅಲುಗಲೊಲ್ಲದು. ಮೇಸ್ತ್ರಿ ಸುತ್ತಿಗೆ ತಂದ. ಮಾವನವರು ತಿಜೋರಿಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತುಬಿಟ್ಟರು. "ನನ್ನ ಮೊಮ್ಮಗನ ಬಯಕಿ ಒಳಗೈತಿ. ಪೆಟ್ಟು ಹಾಕಿದ್ರ ನನ್ನ ಮ್ಯಾಲೆ ಹಾಕ್ರಿ!"

ಅಷ್ಟರಲ್ಲಿ ಸಾಹುಕಾರರು ತಿಜೋರಿಗೆ ಬೆಂಕಿ ಇಟ್ಟಿದ್ದಾರೆ ಎಂದು ಓಣಿಯಲ್ಲೆಲ್ಲ ಸುದ್ದಿ. ಬಂಗಾರ ಕರಗಿಸುತ್ತಿದ್ದಾರೆ ಎಂದು ಕೆಲವರು, ವ್ಯಾಪಾರ ಮುಳುಗಿತು ಎಂದು ಕೆಲವರು. ಜನ ಸೇರಿದರು. ಕುಬಸಕ್ಕೆ ಉಳಿದದ್ದು ಒಂದೇ ದಿನ. ಇದು ಸುಟ್ಟು ಕರಕಲಾಗಿದ್ದರೆ ಮತ್ತೆ ಹಾಲು ಒಡೆಸಲು ಯಾವ ಠಾಣೆಗೆ ಹೋಗುವುದು? ಕೆಂಡ ಎಳೆದುಹಾಕಿ, ತಣ್ಣಗಾಗಲೆಂದು ಎಲ್ಲರೂ ತಿಜೋರಿಯ ಸುತ್ತ ಕೂತೆವು. ಮಾವನವರು ಶಿವಶಿವಾ ಎನ್ನುತ್ತಿದ್ದರು. ಆ ಮುಖ ನೋಡಿ ನನಗೆ ನಗು ಹೋಗಿ ಸಂಕಟವಾಯಿತು. ಮಣ್ಣು ತಿನ್ನುವ ಬಸುರಿಗಾಗಿ ಒಬ್ಬ ದೊಡ್ಡ ಮನುಷ್ಯ ಇಷ್ಟೊಂದು ಪಾಡು ಪಡಬೇಕೇ?

ದೀಪ ಹಚ್ಚುವ ಹೊತ್ತಿಗೆ ಕೀಲಿ ತಿರುಗಿತು. ಒಳಗೆ ಸುಟ್ಟಿರಲಿಲ್ಲ! ಇಂಥ ಕೇಕನ್ನು ಬೆಂದ ಮೇಲೆ ಬಾಗಿಲು ತೆರೆಯದೆ ಒಳಗೇ ಆರಲು ಬಿಡಬೇಕಂತೆ. ಎಷ್ಟೋ ವರ್ಷದ ಮೇಲೆ ಬಲ್ಲವರು ಯಾರೋ ಹೇಳಿದರು. ನಮ್ಮದು ಬೀಗ ಹಾಕಿಕೊಂಡೇ ಆರಿತ್ತು. ಬೆಲ್ಲದಿಂದ ಕಂದು ಬಣ್ಣ, ಬಿರುಕಿಲ್ಲದ ಮೈ, ಬೆರಳಲ್ಲಿ ಮುಟ್ಟಿದರೆ ತುಳುಕುವಷ್ಟು ಮೆತ್ತಗೆ. ಮೊದಲ ತುಂಡು ನನಗೆ. ಅಷ್ಟು ಜನ ಉಸಿರು ಬಿಗಿಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದರು. ಸ್ವಲ್ಪ ಹೊಗೆಯ ವಾಸನೆ, ಸ್ವಲ್ಪ ಕಬ್ಬಿಣದ ರುಚಿ. ಅದು ಬಿಟ್ಟರೆ ನಾಲಿಗೆಯ ಮೇಲೆ ಬೆಣ್ಣೆಯ ಹಾಗೆ ಕರಗಿತು. ಗುಂತಕಲ್ಲಿನದಕ್ಕಿಂತ ಚೆನ್ನಾಗಿತ್ತು, ಸುಳ್ಳಲ್ಲ. "ಇದ ರೀ ಮಾವಾ!" ಎಂದೆ. ಮೇಸ್ತ್ರಿ "ಶಾಭಾಸ್!" ಎಂದು ಕೂಗಿದ. ಜನ ಚಪ್ಪಾಳೆ ತಟ್ಟಿದರು.

ಮಾವನವರು ಒಂದು ತುಂಡನ್ನು ಎಲೆಯಲ್ಲಿಟ್ಟುಕೊಂಡು ಮನೆಗೆ ಬಂದರು. ನನ್ನ ಗಂಡನೂ ಸೇರಿ ನಾವೆಲ್ಲ ಹಿಂದೆ. ಅತ್ತೆಯವರು ಹೊಸ್ತಿಲ ಒಳಗೆ, ಅವರು ಹೊಸ್ತಿಲ ಹೊರಗೆ.

"ಹೊರಗ ಬಂದು ಒಂದು ತುಣುಕು ತಿನ್ನು."

"ನಾನೇನು ಬಸುರೀನಾ?"

ಎಲ್ಲರೂ ನಕ್ಕೆವು. ಮಾವನವರೂ ನಗಲು ಶುರುಮಾಡಿ ನಡುವೆಯೇ ನಿಲ್ಲಿಸಿದರು. ಹೆಂಡತಿಯ ಮುಖ ನೋಡಿದರು.

"ಅಲ್ಲಾ, ಇವನು ಹೊಟ್ಯಾಗಿದ್ದಾಗ ನಿನಗೇನು ಬಯಕಿ ಆಗಿತ್ತು?" ಎಂದು ನನ್ನ ಗಂಡನ ಕಡೆ ಕೈ ಮಾಡಿದರು.

"ಈಗ್ಯಾಕ ಅದು?"

"ನಾ ಆವಾಗ ಕೇಳಿದ್ನೇನು?"

"ನೀವ್ ಎಲ್ಲಿದ್ರಿ ಕೇಳಾಕ? ಸುಗ್ಗಿ ಇತ್ತು."

"ಈಗ ಕೇಳಾಕ ಹತ್ತೀನಿ. ಹೇಳು."

ಯಾವ ಮಾತಿಗೂ ಉತ್ತರಕ್ಕೆ ತಡವರಿಸದ ನಮ್ಮ ಅತ್ತೆಯವರು ಸೆರಗಿನ ಚುಂಗನ್ನು ಬೆರಳಿಗೆ ಸುತ್ತತೊಡಗಿದರು. ಆಮೇಲೆ ನೆಲ ನೋಡುತ್ತ ಹೇಳಿದರು. "ಹೊಳಿ ನೀರು. ನಮ್ಮೂರು ನಾಗಲದಿನ್ನಿದು, ಒಂದು ತಂಬಿಗಿ. ಈ ಮನಿ ಬಾವಿ ನೀರು ಸವಳು, ಬಾಯಿಗಿಟ್ರ ವಾಕರಿಕಿ ಬರ್ತಿತ್ತು. ಹೊಸಾ ಸೊಸಿ, ನಿಮ್ಮ ಮನಿ ನೀರು ಸೇರಂಗಿಲ್ಲ ಅಂತ ಹೆಂಗ ಅನ್ಲಿ? ಕಣ್ಣು ಮುಚ್ಚಿ ಕುಡದೆ."

ಮಾವನವರು ಎಲೆಯನ್ನು ಕಟ್ಟೆಯ ಮೇಲಿಟ್ಟು ಬೀದಿಗಿಳಿದು ಹೋದರು.

ಬೆಳಗ್ಗೆ ಎದ್ದರೆ ಅವರಿಲ್ಲ. ಕುಬಸಕ್ಕೆ ನೆಂಟರು ಬರತೊಡಗಿದರು, ಮನೆಯ ಯಜಮಾನನ ಪತ್ತೆಯಿಲ್ಲ. ಬಂದವರಿಗೆಲ್ಲ ಅತ್ತೆಯವರು, "ಬರ್ತಾರ, ಬರ್ತಾರ" ಎನ್ನುತ್ತಿದ್ದರು. ಒಮ್ಮೆಯೂ ಚುಚ್ಚಿ ಮಾತಾಡಲಿಲ್ಲ. ಮರುದಿನ ಮುಂಜಾನೆ ಬಳೆಗಾರರು ನನ್ನ ಕೈಗೆ ಹಸಿರು ಬಳೆ ಏರಿಸುತ್ತಿರುವಾಗ ಮಾವನವರು ಒಳಗೆ ಬಂದರು. ಯುದ್ಧಕಾಲದ ಇದ್ದಿಲ ಬಸ್ಸಿನ ಮಸಿ ಮುಖಕ್ಕೆಲ್ಲ, ಮೊಣಕಾಲಿನವರೆಗೆ ಹೊಳೆಯ ಕೆಸರು, ಹೆಗಲ ಮೇಲೆ ಬಾಯಿಗೆ ಬಟ್ಟೆ ಕಟ್ಟಿದ ತಾಮ್ರದ ಕೊಡ. ಆಳನ್ನು ಕಳಿಸಬಹುದಿತ್ತು, ಕಳಿಸಿರಲಿಲ್ಲ.

ಕೊಡ ಇಳಿಸಿ, ತಂಬಿಗೆ ಅದ್ದಿ, ಅತ್ತೆಯವರ ಮುಂದೆ ಹಿಡಿದರು. ಮಳೆಗಾಲದ ಹೊಳೆ, ನೀರು ಕೆಂಪಗಿತ್ತು.

"ಸೊಸಿಗೆ ಕೊಡ್ರಿ ಮೊದ್ಲು," ಎಂದರು ಅತ್ತೆಯವರು.

"ಆಕಿದು ತೀರಿತು. ಇದು ನಿಂದು."

ಅತ್ತೆಯವರು ತಂಬಿಗೆ ತೆಗೆದುಕೊಂಡರು. ಮಣ್ಣು ಕೆಳಗೆ ಕೂರಲೆಂದು ಕಾಯಲಿಲ್ಲ. ಗೋಡೆಯ ಕಡೆ ತಿರುಗಿ, ಕಣ್ಣು ತೆರೆದುಕೊಂಡೇ, ಗಟಗಟ ಕುಡಿದರು. ಅರ್ಧ ಕುಡಿದು ನಿಲ್ಲಿಸಿ, ನೆಂಟರ ನಡುವೆ ನಿಂತಿದ್ದ ನನ್ನ ಗಂಡನನ್ನು ಕರೆದರು.

"ಬಾಪ್ಪಾ ಇಲ್ಲಿ. ಉಳಿದದ್ದು ನೀ ಕುಡಿ. ಕೇಳಿದಾಂವ ನೀನು."

ನನ್ನ ಗಂಡ ಬಂದು, ಅಷ್ಟು ಜನರ ಮುಂದೆ ತಾಯಿಯ ಎದುರು ನೆಲದ ಮೇಲೆ ಕೂತು, ಎರಡೂ ಕೈಯಲ್ಲಿ ತಂಬಿಗೆ ಹಿಡಿದು, ತಾವು ಹುಟ್ಟುವ ಮೊದಲು ಕೇಳಿದ್ದ ನೀರನ್ನು ಕುಡಿದರು.